ಮೇಸ್ತ್ರಿಯಿಲ್ಲದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಎರಡನ್ನೂ ಮಾಡಿ ನೋಡಿದವನು ನಾನು. ಮದುವೆಯ ಕಷ್ಟ ಊಟದೆಲೆ ಎತ್ತುವುದರೊಳಗೆ ಅರ್ಧ ಮರೆತುಹೋಗುತ್ತದೆ. ಮನೆಯ ಕಷ್ಟವಾದರೋ ಗೃಹಪ್ರವೇಶವಾಗಿ ನಲವತ್ತು ವರ್ಷ ಕಳೆದರೂ ಗೋಡೆಯ ಬಿರುಕಿನಿಂದ ಇಣಿಕಿ ನೋಡುತ್ತಿರುತ್ತದೆ. ಬಸವೇಶ್ವರನಗರದ ನಮ್ಮ ಚಿಕ್ಕ ನಿವೇಶನದಲ್ಲಿ ಮನೆ ಏಳುತ್ತಿದ್ದಷ್ಟು ದಿನವೂ ನಮ್ಮ ಪಾಲಿನ ದೇವರೆಂದರೆ ಮೇಸ್ತ್ರಿಯೇ. ಇಟ್ಟಿಗೆಯಿತ್ತು, ಮರಳಿತ್ತು, ಸಿಮೆಂಟಿತ್ತು, ಗಾರೆ ಕಲಸುವ ಆಳುಗಳಿದ್ದರು. ಆದರೆ ತೂಗುಗುಂಡು ಹಿಡಿದ ಆ ಒಬ್ಬ ಮನುಷ್ಯ ಬೀಡಿ ಸೇದಲು ಹೋದನೆಂದರೆ ಎಲ್ಲವೂ ಇದ್ದಲ್ಲಿಯೇ ಬಿದ್ದಿರುತ್ತಿದ್ದುವು. ಇಟ್ಟಿಗೆಗಳು ತಾವಾಗಿ ಎದ್ದು ಹೋಗಿ ಗೋಡೆಯಾದುದನ್ನು ನಾನಂತೂ ಕಾಣಲಿಲ್ಲ.

ಹೀಗಿರುವಾಗ, ಮೇಸ್ತ್ರಿಯಿಲ್ಲದೆ, ನಕ್ಷೆಯಿಲ್ಲದೆ, ಸಾರುವೆಯಿಲ್ಲದೆ ತಮ್ಮನ್ನು ತಾವೇ ಕಟ್ಟಿಕೊಳ್ಳುವ ಮನೆಗಳು ಲೋಕದಲ್ಲಿ ಉಂಟು, ಅವು ದಿನ ಬೆಳಗಾದರೆ ನಮ್ಮ ಬಚ್ಚಲಿನಲ್ಲಿಯೇ ಕೋಟಿ ಕೋಟಿಯಾಗಿ ಏಳುತ್ತವೆ ಎಂದರೆ ನಂಬುವುದು ಕಷ್ಟ. ಆದರೆ ಮಾತು ನಿಜ. ಸೋಪು ತಿಕ್ಕಿ ಕೈ ತೊಳೆಯುವಾಗ ನಡೆಯುವುದು ಅದೇ.

ಸೋಪಿನ ವಿಷಯ ಮಾತನಾಡಲು ಊರಿನ ಈ ಕಡೆಯವರಾದ ನಮಗೆ ಸ್ವಲ್ಪ ಅಧಿಕಾರವೂ ಉಂಟು. ಮೊದಲನೆಯ ಮಹಾಯುದ್ಧ ಬಂದು ಮೈಸೂರಿನ ಶ್ರೀಗಂಧಕ್ಕೆ ಯೂರೋಪಿನ ಪೇಟೆ ಮುಚ್ಚಿಹೋದಾಗ ಗಂಧದ ಕೊರಡುಗಳು ಇಲ್ಲಿಯೇ ರಾಶಿಬಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಮೊದಲಾಯಿತು. ಎಣ್ಣೆಯಿಂದ ಸೋಪಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಆ ವಿದ್ಯೆ ಕಲಿತು ಬಂದರು. ೧೯೧೮ರಲ್ಲಿ ಸರ್ಕಾರದ ಸೋಪಿನ ಕಾರ್ಖಾನೆ ಹುಟ್ಟಿತು. ೧೯೫೭ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂದು ನೆಲೆಸಿತು. ೧೯೮೦ರಲ್ಲಿ ಕಂಪನಿಯಾಯಿತು. ಈಗ ಅದರ ಬದಿಯ ಮೆಟ್ರೋ ನಿಲ್ದಾಣಕ್ಕೂ ಗಂಧದ ಸೋಪಿನ ಕಾರ್ಖಾನೆಯೆಂದೇ ಹೆಸರು. ಆನೆಯ ಸೊಂಡಿಲು, ಸಿಂಹದ ಮೈ ಇರುವ ಅದರ ಶರಭವನ್ನು ಕಾಣದ ಕನ್ನಡಿಗರು ಕಡಮೆ.

ಕಾರ್ಖಾನೆ ಬಂದ ಮರುವರ್ಷ ನಮ್ಮ ತಾಯಿ ಮದುವೆಯಾಗಿ ರಾಜಾಜಿನಗರಕ್ಕೆ ಬಂದರು. ಗಾಳಿ ಇತ್ತ ತಿರುಗಿದ ದಿನ ಬೀದಿಗೆ ಬೀದಿಯೇ ಗಂಧದ ವಾಸನೆ ಹೊಡೆಯುತ್ತಿತ್ತೆಂದು ಅವರು ಹೇಳುತ್ತಿದ್ದರು. ಹೊಸ ಸೋಪನ್ನು ಅವರು ಎಂದೂ ನೇರವಾಗಿ ಬಚ್ಚಲಿಗೆ ಒಯ್ದವರಲ್ಲ. ಮೊದಲು ಅದು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಒಂದೆರಡು ತಿಂಗಳು ವಾಸ ಮಾಡಬೇಕು; ಸೀರೆಗೆ ಪರಿಮಳದ ಬಾಡಿಗೆ ಕೊಟ್ಟಮೇಲೆ ಮೈಗೆ. ಈಗ ಅವರಿಗೆ ೮೬ ವರ್ಷ. ಆರು ವರ್ಷಗಳಿಂದ ಮರೆವು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆಯಿತು, ಆಮೇಲೆ ದೇವಸ್ಥಾನದ ದಾರಿ, ಆಮೇಲೆ ಹೆಸರುಗಳು. ಕೈ ತೊಳೆಯಬೇಕೆಂಬುದು ಮಾತ್ರ ಮರೆತಿಲ್ಲ, ತೊಳೆದಾಯಿತೆಂಬುದು ಮರೆಯುತ್ತದೆ. ದಿನಕ್ಕೆ ಹದಿನೈದಿಪ್ಪತ್ತು ಸಲವಾದರೂ ನಲ್ಲಿಯ ಬಳಿಗೆ ಹೋಗುತ್ತಾರೆ. ನಾನು ಟವೆಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ಹಾಗೆ ನಿಂತು ನಿಂತು ಸೋಪಿನ ಮೇಲೆ ಯೋಚನೆ ಹರಿಯಿತು, ಬಿ.ಎಸ್‌ಸಿ. ಓದಿದ ಮೇಲೆ ಮುಟ್ಟದಿದ್ದ ಶಾಸ್ತ್ರವನ್ನು ಮತ್ತೆ ತಿರುವಿ ನೋಡಿದೆ.

ಸೋಪಿನ ಅಣುವೆಂದರೆ ಒಂದು ಗೊದಮೊಟ್ಟೆ ಎಂದಿಟ್ಟುಕೊಳ್ಳಿ. ಪುಟ್ಟ ತಲೆ, ಉದ್ದ ಬಾಲ. ತಲೆಗೆ ವಿದ್ಯುದಂಶವುಂಟು, ನೀರಿನೊಡನೆ ಅದಕ್ಕೆ ಸಲಿಗೆ. ಬಾಲ ಎಣ್ಣೆಯ ಕುಲದ್ದು. ಹನ್ನೆರಡರಿಂದ ಹದಿನೆಂಟು ಇಂಗಾಲದ ಪರಮಾಣುಗಳ ಸರಪಳಿ. ಇಡೀ ಅಣುವಿನ ಉದ್ದ ಸುಮಾರು ೨ ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರು. ನೀರಿಗೆ ಸ್ವಲ್ಪವೇ ಸೋಪು ಹಾಕಿದರೆ ಈ ಗೊದಮೊಟ್ಟೆಗಳು ಮೇಲಕ್ಕೇರಿ, ತಲೆಯನ್ನು ನೀರಿನಲ್ಲಿಟ್ಟು ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಇನ್ನಷ್ಟು ಹಾಕುತ್ತ ಹೋಗಿ. ಒಂದು ಗೊತ್ತಾದ ಅಳತೆ ದಾಟುವವರೆಗೂ ಒಳಗೆ ವಿಶೇಷವೇನೂ ಇಲ್ಲ. ದಾಟಿತೋ, ಐವತ್ತರಿಂದ ನೂರರವರೆಗೆ ಅಣುಗಳು ಗುಂಪುಗೂಡಿ, ಬಾಲಗಳನ್ನೆಲ್ಲ ಒಳಕ್ಕೆ ಸೇರಿಸಿ, ತಲೆಗಳನ್ನು ಹೊರಕ್ಕೆ ಒಡ್ಡಿ, ದುಂಡಗೆ ಕೂತುಬಿಡುತ್ತವೆ. ಇಂತಹ ಒಂದು ಗುಂಡಿಗೆ ಮಿಸೆಲ್ ಎಂದು ಹೆಸರು. ಅದರ ಅಡ್ಡಳತೆ ಹೆಚ್ಚೆಂದರೆ ನಾಲ್ಕೈದು ನ್ಯಾನೋಮೀಟರು. ಸೋಪಿನ ನೀರಿನಲ್ಲಿ ಇಂಥ ಗುಂಪುಗಳಿರಬೇಕೆಂದು ಮೆಕ್‌ಬೇನ್ ಎಂಬ ರಸಾಯನಶಾಸ್ತ್ರಜ್ಞ ಹೇಳಿದ್ದು ೧೯೧೩ರಲ್ಲಿ.

ಯಾರು ಕೂಗಿ ಕರೆದರು ಇವನ್ನು? ಬಾಲಬಾಲಗಳಿಗೆ ಪರಸ್ಪರ ಪ್ರೀತಿ ಉಕ್ಕಿ ಹೀಗಾಯಿತೆ? ಸ್ವಲ್ಪ ಸೆಳೆತವಿದೆ, ಇಲ್ಲವೆನ್ನುವುದಿಲ್ಲ; ಆದರೆ ಮುಖ್ಯ ಕಾರಣ ಅದಲ್ಲ. ಕಾರಣ ನೀರು. ನೀರಿನ ಅಣುಗಳು ಸದಾ ಒಂದರ ಕೈ ಒಂದು ಹಿಡಿದುಕೊಂಡು, ಬಿಟ್ಟು, ಮತ್ತೊಂದರ ಕೈ ಹಿಡಿಯುತ್ತಿರುತ್ತವೆ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಕೆಲವೇ ಪಾಲುಗಳಲ್ಲಿ ಈ ಹಿಡಿಯುವುದೂ ಬಿಡುವುದೂ ನಡೆದುಹೋಗುತ್ತದೆ. ಈ ಕೋಲಾಟದ ನಡುವೆ ಕೈಯೇ ಇಲ್ಲದ ಎಣ್ಣೆಯ ಬಾಲವೊಂದು ಬಂದು ನಿಂತರೆ, ಅದರ ಸುತ್ತಲಿನ ನೀರು ಅದರತ್ತ ಕೈ ಚಾಚುವಂತಿಲ್ಲ. ಮುದುರಿಕೊಂಡು, ಹೀಗೆಯೇ ನಿಲ್ಲಬೇಕೆಂಬ ಕಟ್ಟಿಗೆ ಸಿಕ್ಕಿ ನಿಲ್ಲಬೇಕು. ಬಾಲಗಳು ಒಂದೆಡೆ ಮುದ್ದೆಯಾದರೆ ನೀರಿಗೆ ತಗಲುವ ಮೈ ಕಡಮೆಯಾಗುತ್ತದೆ; ಕಟ್ಟಿಗೆ ಸಿಕ್ಕಿದ್ದ ನೀರಿಗೆ ಬಿಡುಗಡೆ. ಮದುವೆಮನೆಯಲ್ಲಿ ಯಾರ ಪರಿಚಯವೂ ಇಲ್ಲದ ನಾಲ್ಕು ಜನ ಒಂದು ಮೂಲೆಯಲ್ಲಿ ಕೂಡುತ್ತಾರಲ್ಲ, ಹಾಗೆ. ಅವರನ್ನು ಕೂಡಿಸಿದ್ದು ಸ್ನೇಹವಲ್ಲ, ಉಳಿದವರ ಓಡಾಟ. ನೀರು ತನ್ನ ಸ್ವಾತಂತ್ರ್ಯವನ್ನು ಹುಡುಕಿಕೊಂಡು ಹೋದ ಹಾದಿಯಲ್ಲಿ ಇವರಿಗೊಂದು ಮನೆಯಾಯಿತು.

ಕೈಯ ಜಿಡ್ಡಿಗೂ ಜಾಗ ಆ ಮನೆಯೊಳಗೇ. ಬಾಲಗಳು ಎಣ್ಣೆಯನ್ನು ತಮ್ಮ ನಡುವೆ ಸೇರಿಸಿಕೊಳ್ಳುತ್ತವೆ, ತಲೆಗಳು ನೀರಿನೊಡನೆ ಸಾಗುತ್ತವೆ, ಕೊಳೆ ಮೋರಿ ಸೇರುತ್ತದೆ. ಸೀಗೆಕಾಯಿ, ಅಂಟುವಾಳಗಳಲ್ಲಿಯೂ ಇದೇ ಸ್ವಭಾವದ ಸತ್ತ್ವವುಂಟು. ಆಗದವರಿಬ್ಬರನ್ನು ಕುರಿತು 'ಎಣ್ಣೆ ಸೀಗೆಕಾಯಿ ಸಂಬಂಧ' ಎನ್ನುವುದು ನಮ್ಮಲ್ಲಿ ರೂಢಿ. ಒಳಹೊಕ್ಕು ನೋಡಿದರೆ ಸೀಗೆಕಾಯಿ ಎಣ್ಣೆಯನ್ನು ಅಟ್ಟುವುದೇ ಇಲ್ಲ, ತಬ್ಬಿಕೊಂಡು ಕರೆದೊಯ್ಯುತ್ತದೆ. ಅತ್ತೆ ಸೊಸೆಯರಿಗೆ ಈ ಗಾದೆಯನ್ನು ಅನ್ವಯಿಸುವವರು ಇದನ್ನು ಗಮನಿಸಬೇಕು.

ಈ ವಿದ್ಯೆಗೆ ಮೂಲಪುರುಷರಷ್ಟೇ ಅಲ್ಲ, ಮೂಲಸ್ತ್ರೀಯೂ ಒಬ್ಬಳುಂಟು. ಜರ್ಮನಿಯ ಬ್ರೌನ್‌ಷ್ವೈಗ್ ಎಂಬ ಊರಿನಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ ಹೆಣ್ಣುಮಗಳಿದ್ದಳು. ವಿಶ್ವವಿದ್ಯಾನಿಲಯದ ಬಾಗಿಲು ಅಲ್ಲಿ ಆಗ ಹೆಂಗಸರಿಗೆ ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಯರ ಶುಶ್ರೂಷೆ, ಅಡಿಗೆ, ಪಾತ್ರೆ, ಇಷ್ಟೇ ಅವಳ ಪ್ರಪಂಚ. ಪಾತ್ರೆ ತೊಳೆಯುವ ನೀರಿನ ಮೇಲೆ ಹರಡುವ ಜಿಡ್ಡಿನ ಪೊರೆಯನ್ನು ಅವಳು ಗಮನಿಸಿದಳು. ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡು, ಗುಂಡಿಯೊಂದನ್ನು ನೀರಿನ ಮೇಲಿಟ್ಟು, ಅದನ್ನು ಎತ್ತಲು ಎಷ್ಟು ತೂಕ ಬೇಕೆಂದು ತಕ್ಕಡಿಯಲ್ಲಿ ಅಳೆದಳು. ೧೮೯೧ರಲ್ಲಿ ಧೈರ್ಯ ಮಾಡಿ ಇಂಗ್ಲೆಂಡಿನ ಲಾರ್ಡ್ ರೇಲಿಗೆ ಕಾಗದ ಬರೆದಳು. ಆತ ದೊಡ್ಡ ಮನುಷ್ಯ. ಆ ಕಾಗದವನ್ನು 'ನೇಚರ್' ಪತ್ರಿಕೆಗೆ ಕಳುಹಿಸಿ ಅದೇ ವರ್ಷ ಅಚ್ಚು ಹಾಕಿಸಿದ. ಆ ತೊಟ್ಟಿಯ ಹಾದಿಯಲ್ಲೇ ನಡೆದ ಲಾಂಗ್‌ಮ್ಯೂರ್ ಎಂಬ ಅಮೆರಿಕದವನಿಗೆ ೧೯೩೨ರಲ್ಲಿ ನೊಬೆಲ್ ಬಹುಮಾನ ಬಂತು. ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯಲ್ಲಿ ಬಚ್ಚಲ ನೀರಿನ ಮುಂದೆ ನಿಂತೇ ಯೋಚನೆ ಮಾಡಬೇಕಾಗುತ್ತದೆ ಎಂಬುದನ್ನು ನಾನು ಈಗ ಬಲ್ಲೆ.

ಬಚ್ಚಲಲ್ಲಿ ಕಾಣುವುದಕ್ಕೂ ಬೇಕಾದಷ್ಟುಂಟು. ನಮ್ಮ ಮೊಮ್ಮಗಳು ಮನೆಗೆ ಬಂದಾಗ ನಮ್ಮ ತಾಯಿ ಹೆಬ್ಬೆರಳನ್ನೂ ತೋರುಬೆರಳನ್ನೂ ಬಳೆಯಂತೆ ಕೂಡಿಸಿ, ಅದರಲ್ಲಿ ಸೋಪಿನ ಪೊರೆ ಹಿಡಿದು, ಮೆಲ್ಲಗೆ ಊದಿ ತೋರಿಸುತ್ತಾರೆ. ಮಗುವಿನ ಹೆಸರು ಅವರಿಗೆ ಗೊತ್ತಿಲ್ಲ. ಬೆರಳುಗಳಿಗೆ ಕೆಲಸ ಗೊತ್ತಿದೆ. ಪೊರೆಯ ಮೇಲೆ ನವಿಲುಗರಿಯ ಬಣ್ಣಗಳು ಹರಿದಾಡುತ್ತವೆ. ಒಡೆಯುವುದಕ್ಕೆ ಮೊದಲು ಒಮ್ಮೊಮ್ಮೆ ಮೇಲ್ಭಾಗದಲ್ಲಿ ತೂತು ಬಿದ್ದಂತೆ ಕಪ್ಪು ಮಚ್ಚೆಯೊಂದು ಕಾಣುತ್ತದೆ. ನ್ಯೂಟನ್ ೧೭೦೪ರಲ್ಲಿ ಅಚ್ಚು ಹಾಕಿಸಿದ ತನ್ನ ಬೆಳಕಿನ ಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾನೆ. ಅದು ತೂತಲ್ಲ, ನೀರು ಬಸಿದುಹೋಗಿ ಪೊರೆ ಅಷ್ಟು ತೆಳುವಾಗಿರುವ ಜಾಗ. ತೀರ ತೆಳುವಾದಾಗ ಅದರ ದಪ್ಪ ಐದು ನ್ಯಾನೋಮೀಟರಿನ ಆಸುಪಾಸಿಗೆ ಇಳಿಯಬಲ್ಲದು. ಎಂದರೆ ಸೋಪಿನ ಅಣುಗಳ ಎರಡೇ ಸಾಲು, ತಲೆಗೆ ತಲೆ ಕೊಟ್ಟು, ನಡುವೆ ಚೂರು ನೀರಿಟ್ಟುಕೊಂಡು ನಿಂತಿರುತ್ತವೆ.

ಇನ್ನು ಸೋಪಿನ ಡಬ್ಬಿಯ ಅಡಿಯಲ್ಲಿ ನಿಲ್ಲುವ ಆ ಬಿಳಿಯ ಲೋಳೆ. ಗೃಹಿಣಿಯರು ಅದನ್ನು ಕಂಡರೆ ಸಿಡುಕುತ್ತಾರೆ. ಅದರಲ್ಲಿ ಅಣುಗಳು ಚಾಪೆಯ ಮೇಲೆ ಚಾಪೆಯಂತೆ ಹಾಸಿಕೊಂಡಿರುತ್ತವೆ, ನಡುನಡುವೆ ನೀರು. ಚಾಪೆಗಳು ಒಂದರ ಮೇಲೊಂದು ಜಾರುವುದರಿಂದಲೇ ಲೋಳೆ ಜಾರುತ್ತದೆ. ಪೂರ್ಣ ಘನವೂ ಅಲ್ಲ, ಪೂರ್ಣ ದ್ರವವೂ ಅಲ್ಲ. ದ್ರವಸ್ಫಟಿಕವೆಂದು ಕರೆಯುವ ಜಾತಿ. ಈ ಜಾತಿಯ ಇನ್ನೊಂದು ಕವಲನ್ನು ಲೋಕಕ್ಕೆ ತೋರಿಸಿದ್ದು ನಮ್ಮ ಊರೇ. ೧೯೭೭ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರು ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರೊಡನೆ, ತಟ್ಟೆಯಂತೆ ಚಪ್ಪಟೆಯಾದ ಅಣುಗಳು ಒಂದರ ಮೇಲೊಂದು ದೋಸೆ ಪೇರಿಸಿದಂತೆ ಪೇರಿಕೊಂಡು ಕಂಬಗಳಾಗುತ್ತವೆ, ಆ ಕಂಬಗಳು ಸಾಲುಸಾಲಾಗಿ ನಿಲ್ಲುತ್ತವೆ ಎಂದು ಕಂಡುಹಿಡಿದರು. ಅಲ್ಲಿಯವರೆಗೆ ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತಿರಬೇಕೆಂಬುದು ರೂಢಿಯ ಮಾತು. ಅವರು ಸಿ. ವಿ. ರಾಮನ್ನರ ಸೋದರಿಯ ಮಗ. ಅದಕ್ಕೆ ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ೧೯೯೧ರಲ್ಲಿ ಜಾಲಹಳ್ಳಿಯಲ್ಲಿ ಅವರು ಆರಂಭಿಸಿದ ಕೇಂದ್ರ ಇಂದು ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರವೆಂಬ ಹೆಸರಿನಲ್ಲಿ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. ಚಂದ್ರಶೇಖರ್ ೨೦೦೪ರಲ್ಲಿ ತೀರಿಕೊಂಡರು.

ಇವೆಲ್ಲವನ್ನೂ ಓದುತ್ತ ಹೋದಾಗ ನನ್ನ ಮನಸ್ಸಿಗೆ ನಾಟಿದ ಸಂಗತಿ ಒಂದೇ. ಈ ಮನೆಗಳ ಗಾರೆ ಬಹಳ ದುರ್ಬಲ. ಮಿಸೆಲಿನೊಳಗೆ ಒಂದು ಅಣು ನಿಲ್ಲುವುದು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಹೊತ್ತು ಇರಬಹುದು. ಆಮೇಲೆ ಹೊರಬೀಳುತ್ತದೆ, ಮತ್ತೊಂದು ಬಂದು ಅದರ ಜಾಗದಲ್ಲಿ ಕೂಡುತ್ತದೆ. ಮನೆ ನಿಂತಿದೆ, ಇಟ್ಟಿಗೆಗಳು ಮಾತ್ರ ಕ್ಷಣಕ್ಷಣಕ್ಕೂ ಬೇರೆ. ಇದು ದೋಷವೆಂದು ತೋರಬಹುದು; ಆದರೆ ಗುಣ ಇರುವುದೇ ಇಲ್ಲಿ. ತಪ್ಪು ಜಾಗದಲ್ಲಿ ಕೂತ ಅಣು ಅಲ್ಲಿಯೇ ಅಂಟಿಕೊಳ್ಳುವುದಿಲ್ಲ. ಬಿಟ್ಟು ಮತ್ತೆ ಬಂದು ಸರಿಯಾಗಿ ಕೂಡುತ್ತದೆ. ಮೇಸ್ತ್ರಿಯ ತೂಗುಗುಂಡು ಮಾಡುವ ಕೆಲಸವನ್ನು ಇಲ್ಲಿ ಬಿಡುವ ಶಕ್ತಿ ಮಾಡುತ್ತದೆ. ಹಿಡಿತ ಬಲವಾದರೆ ಏನಾಗುತ್ತದೆಂದು ನಮ್ಮ ಕೊಳವೆಬಾವಿಯ ನೀರನ್ನು ಕೇಳಿ. ಕಾವೇರಿ ನೀರು ಬಾರದ ದಿನ ಆ ನೀರಿನಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆಯಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಎರಡೆರಡು ಸೋಪಿನ ತಲೆಗಳನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಹಿಡಿದದ್ದನ್ನು ಬಿಡುವುದಿಲ್ಲ. ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಜಿಡ್ಡು ಕಟ್ಟುತ್ತದೆ. ಅದು ಯಾರ ಕೊಳೆಯನ್ನೂ ತೊಳೆಯದು.

ನಮ್ಮ ಚರ್ಮವೂ ಇಂಥದೇ ಕಟ್ಟಡ. ಮೇಲ್ಪದರದ ಜೀವಕೋಶಗಳನ್ನು ಇಟ್ಟಿಗೆಗೂ ನಡುವಿನ ಕೊಬ್ಬಿನ ಪದರಗಳನ್ನು ಗಾರೆಗೂ ಶಾಸ್ತ್ರಜ್ಞರೇ ಹೋಲಿಸುತ್ತಾರೆ. ಕೊಬ್ಬಿನ ಆ ಪದರಗಳು ಕೂಡ ತಾವಾಗಿ ಹಾಸಿಕೊಂಡವು. ೨೦೨೦ರಲ್ಲಿ ಕೊರೋನಾ ಬಂದಾಗ ನಮ್ಮನ್ನೆಲ್ಲ ಸೋಪಿನ ಬಳಿಗೆ ಓಡಿಸಿದ್ದೂ ಇದೇ ಗುಣ: ಆ ವೈರಸ್ಸಿನ ಹೊದಿಕೆ ಇದೇ ಜಾತಿಯ ಕೊಬ್ಬಿನ ಪೊರೆ, ಸೋಪು ಅದನ್ನು ಸಡಿಲಿಸಿ ಚದರಿಸುತ್ತಿತ್ತು. ಆದರೆ ಸೋಪಿಗೆ ಶತ್ರು ಯಾರು, ಮಿತ್ರ ಯಾರು? ವೈರಸ್ಸಿನ ಪೊರೆ ಬಿಚ್ಚುವಂತೆಯೇ ಚರ್ಮದ ಗಾರೆಯನ್ನೂ ಅದು ಸಡಿಲಿಸುತ್ತದೆ. ನಮ್ಮ ತಾಯಿಯ ಅಂಗೈ ಒಣಗಿ ಬಿರುಕು ಬಿಟ್ಟಿದೆ. ದಿನವೂ ಸಂಜೆ ನಾನು ಕೊಬ್ಬರಿಎಣ್ಣೆ ಹಚ್ಚುತ್ತೇನೆ. ಒಂದೆರಡು ದಿನ ಹೇಗಾದರೂ ಮಾಡಿ ಕೈ ತೊಳೆಯುವುದನ್ನು ಕಡಮೆ ಮಾಡಿಸಿದರೆ ಬಿರುಕು ಕೂಡಿಕೊಳ್ಳುತ್ತದೆ. ವಯಸ್ಸಾದವರಲ್ಲಿ ನಿಧಾನ, ಆದರೂ ಕೂಡಿಕೊಳ್ಳುತ್ತದೆ.

ಕೂಡಿಕೊಳ್ಳದ್ದು ತಲೆಯೊಳಗಿನದು. ವೈದ್ಯರು ಹೇಳಿದ ಹೆಸರು ಆಲ್ಝೈಮರ್ ಕಾಯಿಲೆ. ೧೯೦೬ರಲ್ಲಿ ಜರ್ಮನಿಯ ಆಲ್ಝೈಮರ್ ಎಂಬ ವೈದ್ಯ, ಮರೆವಿನಿಂದ ನವೆದು ಸತ್ತ ಹೆಂಗಸೊಬ್ಬಳ ಮೆದುಳಿನಲ್ಲಿ ತಾನು ಕಂಡ ಗಟ್ಟಿ ಕಲೆಗಳನ್ನೂ ಸಿಕ್ಕುಗಳನ್ನೂ ವಿವರಿಸಿದ. ಆ ಕಲೆಗಳ ಸಾಮಗ್ರಿ ಅಮಿಲಾಯ್ಡ್ ಎಂಬ ಪ್ರೋಟೀನಿನ ತುಣುಕು. ನಲವತ್ತು, ನಲವತ್ತೆರಡು ಅಮೈನೋ ಆಮ್ಲಗಳ ಪುಟ್ಟ ಸರ. ಎಲ್ಲರ ಮೆದುಳಿನಲ್ಲಿಯೂ ಅದು ಹುಟ್ಟುತ್ತದೆ, ತೊಳೆದುಹೋಗುತ್ತದೆ. ಕೆಲವರಲ್ಲಿ ಹೋಗದೆ ಉಳಿದು ಒಂದಕ್ಕೊಂದು ಒತ್ತಾಗಿ ಪೇರಿಕೊಳ್ಳತೊಡಗುತ್ತದೆ. ಸುಮಾರು ಹತ್ತು ನ್ಯಾನೋಮೀಟರು ದಪ್ಪದ ಎಳೆಗಳಾಗುತ್ತವೆ, ಎಳೆಗಳು ಗಂಟಾಗುತ್ತವೆ. ಇಲ್ಲಿಯೂ ಮೇಸ್ತ್ರಿಯಿಲ್ಲ. ಇಲ್ಲಿಯೂ ಅವೇ ದುರ್ಬಲ ಕೈಗಳು, ಅದೇ ನೀರಿನ ಬಿಡುಗಡೆ. ಆದರೆ ಒಂದೊಂದೂ ದುರ್ಬಲವಾದ ಸಾವಿರ ಕೈಗಳು ಜಡೆ ಹೆಣೆದಂತೆ ಸಾಲಾಗಿ ಹಿಡಿದುಕೊಂಡಾಗ ಆ ಹಿಡಿತ ಬಿಡಿಸಲಾಗದ್ದಾಗುತ್ತದೆ. ಮರೆವು ಹೊರಗೆ ಕಾಣುವುದಕ್ಕೆ ಹತ್ತು ಹದಿನೈದು ವರ್ಷ ಮೊದಲೇ ಒಳಗೆ ಈ ಕಟ್ಟಡ ಏಳತೊಡಗಿರುತ್ತದಂತೆ. ಮೇಸ್ತ್ರಿಯಿಲ್ಲದ ಮನೆಯ ಇನ್ನೊಂದು ಮುಖ ಇದು: ಕೆಲಸ ಹಚ್ಚುವವನಿಲ್ಲವಾದ್ದರಿಂದ ಸಾಕು ನಿಲ್ಲಿಸು ಎನ್ನುವವನೂ ಇಲ್ಲ.

ಕಾಯಿಲೆಗೆ ಈ ಎಳೆಗಳೇ ಮೂಲವೋ, ಮೂಲದಲ್ಲಿ ಅವುಗಳ ಪಾಲೆಷ್ಟೋ ಎಂದು ಪಂಡಿತರಲ್ಲಿ ಇನ್ನೂ ಚರ್ಚೆಯಿದೆ. ಎಳೆಗಳನ್ನು ಕರಗಿಸುವ ಮದ್ದುಗಳು ಬಂದಿವೆ. ಅಂಥದೊಂದಕ್ಕೆ ಅಮೆರಿಕ ೨೦೨೩ರಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿತು. ಕಾಯಿಲೆಯ ಮೊದಲ ಮೆಟ್ಟಿಲಿನಲ್ಲಿರುವವರಿಗೆ ಅದು ಇಳಿತವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಹೋದ ನೆನಪನ್ನು ತರುವುದಿಲ್ಲ. ನಮ್ಮ ತಾಯಿ ಆ ಮೆಟ್ಟಿಲನ್ನು ಎಂದೋ ಇಳಿದಿದ್ದಾರೆ.

ಈಚೆಗೆ ಅವರು ನನ್ನನ್ನು 'ನೀವು' ಎನ್ನುತ್ತಾರೆ. ಅರವತ್ತು ವರ್ಷ 'ಏನೋ, ಬಾರೋ' ಎಂದ ಬಾಯಿ. ಮೊನ್ನೆ ಸಂಜೆ ಅಂಗೈಗೆ ಎಣ್ಣೆ ಹಚ್ಚುತ್ತಿದ್ದೆ.

"ನೀವು ಯಾರ ಮನೆಯವರು?" ಎಂದರು.

"ಇದೇ ಮನೆಯವನಮ್ಮ."

"ಒಳ್ಳೆಯದಾಯಿತು. ನಮ್ಮ ಹುಡುಗ ಬರೋ ಹೊತ್ತಾಯಿತು. ಕೂತಿರಿ, ಕಾಫಿ ಕುಡಿದು ಹೋಗಿ."

ಹೀಗೆನ್ನುತ್ತ ನನ್ನ ಕೈಯನ್ನು ತಮ್ಮ ಎಣ್ಣೆಗೈಯಿಂದ ತಿರುಗಿಸಿ ನೋಡಿದರು. ಬೆರಳಿನಿಂದ ಒತ್ತಿದರು. "ಎಷ್ಟು ಒರಟಾಗಿದೆಯಲ್ಲೋ ನಿನ್ನ ಕೈ, ಸ್ವಲ್ಪ ಎಣ್ಣೆ ಹಚ್ಚಿಕೊಳ್ಳಬಾರದೇನೋ?" ಎಂದು ಗದರಿದರು. ನಾನು ಉಸಿರು ಬಿಗಿಹಿಡಿದು ಕೂತೆ. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಅವರು ಬಾಗಿಲ ಕಡೆ ತಿರುಗಿ, "ನೀವು ಹೊರಡಿ, ಕತ್ತಲಾಯಿತು," ಎಂದರು.

ಆಗಲೆಂದೆ. ಎಣ್ಣೆಯ ಶೀಸೆಯನ್ನು ಗೂಡಿನಲ್ಲಿಟ್ಟು ಬರುವಷ್ಟರಲ್ಲಿ ಅವರು ನಲ್ಲಿಯ ಬಳಿ ನಿಂತಿದ್ದರು. ನಾನು ಟವೆಲು ತೆಗೆದುಕೊಂಡೆ.